ಎಡ ಮುಂದಿನ ಟೈರು

ಇವತ್ತು ಗಡಿಯಾರದ ಕಡೆ ಕಣ್ಣೆತ್ತಿ ನೋಡಬಾರದು ಎಂದು ಇನಾಯತ ಹಾಸಿಗೆಯಲ್ಲೇ ಠರಾಯಿಸಿಕೊಂಡಿದ್ದ. ಆದರೆ ಬೆಟಗೇರಿಯ ಆ ಓಣಿಯಲ್ಲಿ ಹೊತ್ತು ತಿಳಿಯದಂತೆ ಬದುಕುವುದು ಯಾರಿಂದಾದೀತು? ಬಾಜೂ ಮನೆಯ ಮಗ್ಗ ಖಟಖಟ ಶುರುವಾಯಿತು, ಅಂದರೆ ಏಳೂವರೆ. ಗದಗ ಸ್ಟೇಶನ್ನಿನ ಕಡೆಯಿಂದ ಗಾಡಿ ಕೂಗಿತು, ಅಂದರೆ ಎಂಟು. ಇವತ್ತು ರವಿವಾರ, ಒಂಬತ್ತಕ್ಕೆ ಕಾರು ಓಡಿಸುವ ಮೊದಲನೇ ಪಾಳಿ. ತಮಿಳುನಾಡಿನಲ್ಲಿ, ತಾನು ಫೋನಿನ ಪರದೆಯ ಮೇಲೆ ಮಾತ್ರ ಕಂಡಿರುವ ಆ ರೇಸಿನ ಟ್ರ್ಯಾಕಿನಲ್ಲಿ, ಗೆಳೆಯ ಮಹಾದೇವ ತನ್ನ ಕೆಂಪು ಕಾರಿನೊಳಗೆ ಕೂತು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿರುತ್ತಾನೆ. ಆ ಕಾರಿನ ಎಡ ಮುಂದಿನ ಟೈರು ಏರಿಸಿದವನು ಇನಾಯತ. ಆ ಟೈರಿನ ಒಳಗೆ ಏನಿದೆ ಎಂಬುದು ಗೊತ್ತಿದ್ದವನೂ ಅವನೊಬ್ಬನೇ. ಹಿತ್ತಲಿಗೆ ಹೋಗಿ ಮೂರನೇ ಸಲ ಕೈ ತೊಳೆದ. ಬಲಗೈಯ ಎರಡು ಬೆರಳ ತುದಿಗೆ ಟೈರಿನೊಳಗಿನ ಆ ಮೆತ್ತನೆಯ ಜಾಗ ಹತ್ತಿಕೊಂಡೇ ಇತ್ತು. "ಕೈ ಸವದು ಹೋದಾವು, ಬಿಡ್ರಿ," ಎಂದಳು ಹೆಂಡತಿ ನಜಮಾ, ಒಲೆಯ ಮುಂದಿನಿಂದ, ತಿರುಗಿ ನೋಡದೆ. "ಮುಂಡರಗಿಗೆ ಹೊಂಡೂದೈತೋ ಇಲ್ಲೋ? ನನ್ನ ತಂಗಿ ಮುನ್ನಿ ಹಡೆದು ಹದಿನೈದು ದಿನಾತು, ಕೂಸಿನ ಮಾರಿ ನೋಡಿಲ್ಲ ಇನ್ನೂ."

ಬೈಕಿಗೆ ಕಿಕ್ ಹೊಡೆದು ನಜಮಾಳನ್ನು ಹಿಂದೆ ಕೂಡಿಸಿಕೊಂಡು ಹೊರಟರೂ ಮನಸ್ಸು ಅಂಗಡಿಯ ಬಾಗಿಲಲ್ಲೇ ನಿಂತಿತ್ತು. ಅಂಗಡಿ ಅಂದರೆ ಅವನ ಅಬ್ಬಾ ಫಕೀರಸಾಬ ನಲವತ್ತು ವರ್ಷದ ಹಿಂದೆ ಒಂದು ಕಬ್ಬಿಣದ ಹಾರಿ, ಒಂದು ಸುತ್ತಿಗೆ, ಒಂದು ನೀರಿನ ಬೋಗುಣಿ ಇಟ್ಟು ಶುರು ಮಾಡಿದ್ದು. ಆಗ ಬರುತ್ತಿದ್ದವು ಟೈರಿನ ಗಾಲಿಯ ಎತ್ತಿನ ಚಕ್ಕಡಿಗಳು, ಶಿಗ್ಲಿಯಿಂದ, ಶಿರಹಟ್ಟಿಯಿಂದ, ಲಕ್ಷ್ಮೇಶ್ವರದಿಂದ. ಚಕ್ಕಡಿಯ ಅಚ್ಚು ಸ್ವಲ್ಪ ಬಾಗಿದರೂ ಸಾಕು, ಟೈರು ಒಂದೇ ಮಗ್ಗುಲಿಗೆ ಸವೆಯುತ್ತದೆ, ಇನ್ನೊಂದು ಮಗ್ಗುಲು ಹೊಸದರ ಹಾಗೆಯೇ ಇರುತ್ತದೆ. ಫಕೀರಸಾಬ ಅದನ್ನು ಬಿಚ್ಚಿ, ಒಳಗಿನ ಮಗ್ಗುಲನ್ನು ಹೊರಗೆ ಮಾಡಿ, ತಿರುವಿ ಏರಿಸಿ ಕೊಡುತ್ತಿದ್ದ. ಇನ್ನೂ ನಾಲ್ಕು ವರ್ಷ ಎಳೆಯುತ್ತಿತ್ತು. ಆದರೆ ಏರಿಸುವ ಮುಂಚೆ ಒಂದು ರಿವಾಜು. ಟೈರಿನ ಯಜಮಾನ ತನ್ನ ತೋಳು ಏರಿಸಿ, ಟೈರಿನ ಒಳಗೆ ಕೈ ಹಾಕಿ, ಸುತ್ತ ಒಮ್ಮೆ ಆಡಿಸಿ ನೋಡಬೇಕು. "ನಾ ಹೇಳಿದ್ದು ನಂಬಬ್ಯಾಡ್ರಿ, ನಿಮ್ಮ ಕೈ ಹೇಳಿದ್ದು ನಂಬ್ರಿ," ಎನ್ನುತ್ತಿದ್ದ. ಯಜಮಾನ "ಆತು, ಏರಸ್ರಿ" ಅಂದ ಮೇಲೆಯೇ ಹಾರಿ ಕೈಗೆ. ಒಮ್ಮೆ ತಹಶೀಲ್ದಾರರು ಬಂದಾಗಲೂ ಬಿಟ್ಟಿರಲಿಲ್ಲ ಮುದುಕ. ಸಾಹೇಬರು ಬಿಳಿ ಅಂಗಿಯ ತೋಳು ಮಡಚಿ, ಮುಖ ಕಿವುಚಿ, ಕೈ ಹಾಕಿ ತೆಗೆದಿದ್ದರು. ಓಣಿಗೆ ಓಣಿಯೇ ನಿಂತು ನೋಡಿತ್ತು. ಈಗ ಅಬ್ಬಾನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಸ್ಟೂಲು ಹಾಕಿಕೊಂಡು ಕೂಡುತ್ತಾನೆ, ಹಳೆ ಟೈರುಗಳನ್ನು ಕೈಯಿಂದಲೇ ಆರಿಸಿ ಬೇರೆ ಮಾಡುತ್ತಾನೆ. ಅಂಗಡಿಯೊಳಗೆ ಈಗ ಇನಾಯತನ ಕಂಪ್ಯೂಟರ್ ಇದೆ, ಗಾಲಿಯ ಓರೆ ನೋಡುವ ಯಂತ್ರ ಇದೆ. ರಿವಾಜು ಮಾತ್ರ ಹಳೆಯದೇ.

ಮಹಾದೇವ ಆ ರಿವಾಜನ್ನು ಕಲಿತದ್ದು ಚಡ್ಡಿ ಹಾಕುತ್ತಿದ್ದ ಕಾಲಕ್ಕೆ. ಸೇಂಗಾ ಎಣ್ಣೆ ಮಿಲ್ಲಿನ ಚನ್ನಬಸವಣ್ಣನವರ ಮಗ. ಶಾಲೆ ಬಿಟ್ಟ ಕೂಡಲೆ ಇಲ್ಲೇ ಬಂದು ಕೂಡುವವ, ಸೈಕಲ್ ಟೈರಿನೊಳಗೂ ಕೈ ಆಡಿಸಿ "ಆತು ಏರಸ್ರಿ ಕಾಕಾ" ಅಂದು ಫಕೀರಸಾಬನನ್ನು ನಗಿಸುವವ. ಮೂರು ವರ್ಷದ ಹಿಂದೆ ಅವನಿಗೆ ಈ ಹುಚ್ಚು ಹತ್ತಿತು. ವರ್ಷಕ್ಕೆ ಎರಡು ಸಲ ಟ್ರ್ಯಾಕಿಗೆ ಹೋಗುವುದು, ಅಲ್ಲಿ ದಿನವಿಡೀ ತನ್ನ ಕಾರನ್ನು ತಾನೇ ಓಡಿಸುವುದು. ಗೆದ್ರ ಏನ ಕೊಡ್ತಾರಪಾ ಎಂದು ಅಬ್ಬಾ ಕೇಳಿದ್ದ. ಗೆಲ್ಲೂದು ಸೋಲೂದು ಏನಿಲ್ಲ ಕಾಕಾ. ಮತ್ತ ಯಾಕ ಸುತ್ತತಿ? ಮಹಾದೇವ ನಕ್ಕು ಟೈರು ಇಳಿಸತೊಡಗಿದ್ದ. ಮೊದಲನೇ ಸಲ ಮಹಾದೇವ ತಂದಿಟ್ಟ ನಾಲ್ಕು ಟೈರು ನೋಡಿದಾಗಲೇ ಇನಾಯತನಿಗೆ ಅವನು ಓಡಿಸುವ ರೀತಿಯೆಲ್ಲ ತಿಳಿದಿತ್ತು. ಆ ಟ್ರ್ಯಾಕಿಗೆ ಬಲಕ್ಕೆ ತಿರುಗುವ ತಿರುವುಗಳೇ ಹೆಚ್ಚು. ತಿರುಗುವಾಗ ಕಾರಿನ ಭಾರವೆಲ್ಲ ಎಡ ಮುಂದಿನ ಗಾಲಿಯ ಹೊರಮಗ್ಗುಲಿಗೆ ಬೀಳುತ್ತದೆ, ಅಲ್ಲಿ ರಬ್ಬರು ತುರಿದು ಹೋಗಿ ಟೈರು ಬೋಳಾಗಿತ್ತು. ಒಳಮಗ್ಗುಲಿನಲ್ಲಿ ಹೊಸ ಟೈರಿನ ರಬ್ಬರ್ ಕೂದಲು ಕೂಡ ಹೋಗಿರಲಿಲ್ಲ. ಮಹಾದೇವ ಹೆದರುತ್ತಾನೆ, ತಡವಾಗಿ ಬ್ರೇಕ್ ಒತ್ತುತ್ತಾನೆ, ಆಮೇಲೆ ಸ್ಟೇರಿಂಗನ್ನು ಬೇಕಾದ್ದಕ್ಕಿಂತ ಹೆಚ್ಚು ತಿರುವುತ್ತಾನೆ. ಇದನ್ನು ಅವನ ಹೆಂಡತಿ ಸ್ನೇಹಾ ಕೂಡ ಅರಿಯಳು, ಇನಾಯತ ಬಲ್ಲ.

ಆಮೇಲಿನ ಮೂರು ವರ್ಷ ಇನಾಯತನಿಗೆ ಹಬ್ಬ. ಗಾಲಿಯ ತಲೆಯನ್ನು ಒಂದೊಂದೇ ಗೆರೆ ಒಳಕ್ಕೆ ವಾಲಿಸಿದ. ಟೈರಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು ಕಳಿಸುತ್ತಿದ್ದ. ಪ್ರತಿ ಪಾಳಿ ಮುಗಿದ ಕೂಡಲೆ ಮಹಾದೇವ ಅಲ್ಲಿಂದ ಫೋಟೋ ಹಾಕುತ್ತಿದ್ದ, ಸುಣ್ಣ ಎಲ್ಲಿಯವರೆಗೆ ಅಳಿಸಿದೆ ನೋಡಿ ಇನಾಯತ ಇಲ್ಲಿಂದ ಹೇಳುತ್ತಿದ್ದ, ಮುಂದ ಎರಡು ಪೌಂಡ್ ಗಾಳಿ ಏರಸು, ಹಿಂದ ಒಂದು ಇಳಸು. ಪಂಚರ್ ಹಚ್ಚುತ್ತ, ಟ್ರ್ಯಾಕ್ಟರಿನ ಟ್ಯೂಬು ನೀರಲ್ಲಿ ಮುಳುಗಿಸುತ್ತ, ಅವನು ಬೆಟಗೇರಿಯಿಂದ ಆ ಕಾರು ಓಡಿಸುತ್ತಿದ್ದ. "ಮುಂದಿನ ಸಲ ನಿನ್ನ ಕರಕೊಂಡ ಹೋಗಾಂವ ಲೇ, ಬಿಡಾಂಗಿಲ್ಲ," ಎಂದು ಮಹಾದೇವ ಆರು ಸಲ ಹೇಳಿದ್ದ. ಆರು ಸಲವೂ ಇನಾಯತ ನಂಬಿದ್ದ. ಈ ಸಲವಂತೂ ನಜಮಾಗೆ ಹೇಳಿ ಎರಡು ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ದ. ಛೀ, ಆ ಅಂಗಿಗಳು ಇನ್ನೂ ಗೂಟಕ್ಕೆ ನೇತಾಡುತ್ತಿವೆ. ನಜಮಾ ತೆಗೆದಿಟ್ಟಿಲ್ಲ, ಕೇಳಿಯೂ ಇಲ್ಲ.

"ಗಾಡಿ ಯಾಕ ಹಿಂಗ ಹೊಯ್ದಾಡಾಕತ್ತೈತಿ?" ನಜಮಾ ಅವನ ಭುಜ ಹಿಡಿದಳು. ಕಪ್ಪತಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ತಿರುಗುತ್ತಿದ್ದವು. ರಸ್ತೆ ಬದಿಗೆ ಯಾರೋ ಸೂರ್ಯಕಾಂತಿ ಒಣಗಿಸಲು ಹರವಿದ್ದರು, ಅದರ ಮೇಲೇ ಹೋಗುವುದರಲ್ಲಿದ್ದ. ಹತ್ತೂವರೆಗೆ ಎರಡನೇ ಪಾಳಿ. ಅದೂ ಶುರುವಾಗಿರಬೇಕು. ಈ ಸಲ ಸುಣ್ಣದ ಗೆರೆ ಎಳೆದು ಕಳಿಸಿರಲಿಲ್ಲ, ಫೋಟೋ ಬರುವಂತಿರಲಿಲ್ಲ. ಮೊದಲನೆಯದರಲ್ಲಿ ಏನೂ ಆಗಿಲ್ಲ, ಆಗಿದ್ದರೆ ಇಷ್ಟೊತ್ತಿಗೆ ಖಬರು ಬರುತ್ತಿತ್ತು. ಯಾರು ತಿಳಿಸುತ್ತಾರೆ ನನಗೆ? ನಾನು ಯಾರು ಅವರಿಗೆ? ಪಂಚರ್.

ಶುಕ್ರವಾರ ಹನ್ನೊಂದಕ್ಕೆ ಅವರು ಬಂದಿದ್ದರು. ಹಿಂದಿನ ಸೀಟು ಕಿತ್ತಿದ್ದ ಕೆಂಪು ಕಾರಿನಲ್ಲಿ ಮಹಾದೇವ, ಸ್ನೇಹಾ. ಹಿಂದೆ ಒಂದು ದೊಡ್ಡ ಜೀಪಿನಲ್ಲಿ ಹುಬ್ಬಳ್ಳಿಯ ಇಬ್ಬರು ಗೆಳೆಯರು, ಕಪ್ಪು ಕನ್ನಡಕ, ಒಂದೇ ನಮೂನೆಯ ಟೀ ಶರ್ಟು. ಜೀಪಿನಲ್ಲಿ ಟ್ರ್ಯಾಕಿನ ನಾಲ್ಕು ಗಾಲಿಗಳು ಹೋಗಬೇಕು, ಇವರೂ ಹೋಗಬೇಕು. ಕೂಡಲು ಐದನೆಯವನಿಗೆ ಜಾಗ ಎಲ್ಲಿಯದು ಎಂದು ಇನಾಯತ ಆಗಲೇ ಎಣಿಸಿ ಮುಗಿಸಿದ್ದ. ಆದರೂ ಬಾಯಿ ಬಿಡಲಿಲ್ಲ. ಅಬ್ಬಾ ಜುಮ್ಮಾ ನಮಾಜಿಗೆಂದು ಮುಂಚೆಯೇ ಹೋಗಿದ್ದ. ಎಡ ಮುಂದಿನ ಟೈರನ್ನು ಕಳಚಿ, ಅದರ ಬೋಳು ಮಗ್ಗುಲನ್ನು ಒಳಗೆ ಮಾಡಲು ತಿರುವಿ ಹಿಡಿದು, ಇನಾಯತ ಬಲಗೈ ಒಳಗೆ ಹಾಕಿದ. ಎರಡು ಬೆರಳು ಒಂದು ಕಡೆ ಕುಸಿದವು. ನಾಲ್ಕು ಬೆರಳಷ್ಟು ಅಗಲ, ಮೆತ್ತಗೆ, ನಡುವೆ ದಾರ ಎದ್ದಿತ್ತು. ಹಿಂದಿನ ಸಲ ಮಹಾದೇವ ಟ್ರ್ಯಾಕಿನ ಅಂಚುಗಟ್ಟೆಗೆ ಹೊಡೆಸಿದ್ದಾನೆ, ಹೇಳಿಲ್ಲ. ಇಷ್ಟು ದಿನ ಒಳಮಗ್ಗುಲಿಗಿತ್ತು, ಭಾರ ಬಿದ್ದಿರಲಿಲ್ಲ. ತಿರುವಿ ಹಾಕಿದರೆ ಅದು ಹೊರಗೆ ಬರುತ್ತದೆ, ಬಲ ತಿರುವಿನಲ್ಲಿ ಕಾರಿನ ಭಾರವೆಲ್ಲ ಅದರ ಮೇಲೆಯೇ. ಈ ಟೈರು ಕೆಲಸಕ್ಕೆ ಬರುವುದಿಲ್ಲ. ಬಾ ಲೇ ಮಹಾದೇವಾ, ಕೈ ಆಡ್ಸಿ ನೋಡು ಅನ್ನಲು ತಲೆ ಎತ್ತಿದ. ಆಗಲೇ ಮಹಾದೇವ ಗೆಳೆಯರಿಗೆ ಅವನನ್ನು ತೋರಿಸುತ್ತ, ಖುಷಿಯಿಂದಲೇ, ಹೆಮ್ಮೆಯಿಂದಲೇ ಅನ್ನಬೇಕು, "ಇಂವ ನೋಡ್ರಿ, ನಮ್ಮ ಪಂಚರ್ ಇನಾಯತ," ಎಂದ. ಕನ್ನಡಕದವ ನಕ್ಕ. "ಪಂಚರ್ ಅಂದ್ರ ಇವರಽ ಬಿಡ್ರಿ. ಇಡೀ ದೇಶದಾಗ ಇವರಿಗೆ ಅದೊಂದಽ ಬರೂದು." ಮಹಾದೇವನೂ ನಕ್ಕ. ಬಹಳ ಅಲ್ಲ, ಸ್ವಲ್ಪ. ಗೆಳೆಯರು ನಕ್ಕಾಗ ಜೊತೆಗೆ ನಗಬೇಕಲ್ಲ, ಅಷ್ಟು.

ಕೈ ಇನ್ನೂ ಟೈರಿನ ಒಳಗೇ ಇತ್ತು. ಇನಾಯತ ಅದನ್ನು ಹೊರಗೆಳೆದು, ಚಿಂದಿಯಿಂದ ಒರೆಸಿ, ಯಂತ್ರದ ಪೆಡಲು ಒತ್ತಿ ಟೈರನ್ನು ಏರಿಸಿಬಿಟ್ಟ. ಗಾಳಿ ತುಂಬಿದಾಗ ಟೈರು ರಿಮ್ಮಿಗೆ ಕೂತ ಸಪ್ಪಳ ಎರಡು ಸಲ ಬಂತು, ಢಬ್, ಢಬ್. ಮಹಾದೇವ ಕೈ ಆಡಿಸುವುದನ್ನು ಮರೆತಿದ್ದ, ಅಥವಾ ಆ ಗೆಳೆಯರ ಮುಂದೆ ತೋಳು ಏರಿಸಲು ನಾಚಿದ್ದ. ಹೊರಡುವಾಗ ಸ್ನೇಹಾ ಹತ್ತಿರ ಬಂದು, "ಇನಾಯತಣ್ಣಾ, ಇವರು ಭಾಳ ಜೋರ ಓಡಸ್ತಾರಂತ. ಹೆದರಿಕಿ ಏನಿಲ್ಲಲ್ಲ?" ಎಂದಳು. "ಏನಿಲ್ರಿ ವೈನಿ," ಎಂದ ಇನಾಯತ. ಆ ಮಾತು ಎಷ್ಟು ಸಲೀಸಾಗಿ ಬಂತು! ಜೀಪು ಓಣಿ ದಾಟುವಾಗ ಆ ಕಾರು ಮಗುಚಿ ಬಿದ್ದಂತೆ ಅವನ ಕಣ್ಣ ಮುಂದೆ ಬಂತು. ಬಂದಾಗ ಹಿತ ಅನ್ನಿಸಿತು. ಸುಳ್ಳು ಯಾಕೆ, ಅನ್ನಿಸಿತು. ಅರೆಗಳಿಗೆ ಅಷ್ಟೇ. ಆಮೇಲೆ ಮಸೀದಿಯ ನಳದ ಮುಂದೆ ಕೂತು ಮೂರು ಸಲ ಕೈ ತೊಳೆದು, ಸಾಲಿನಲ್ಲಿ ನಿಂತು, ಏನು ಓದಿದನೆಂದು ಅವನಿಗೇ ತಿಳಿಯಲಿಲ್ಲ.

ಅವತ್ತು ನಮಾಜು ಮುಗಿದ ಕೂಡಲೇ ಫೋನ್ ಮಾಡಬಹುದಿತ್ತು. ಅವರು ಹರಿಹರ ಕೂಡ ದಾಟಿರಲಿಲ್ಲ. ಆದರೆ ಸಿಟ್ಟು ಇಳಿದಿರಲಿಲ್ಲ. ಶನಿವಾರ ಬೆಳಿಗ್ಗೆ ಸಿಟ್ಟು ಇಳಿದಿತ್ತು, ಆಗ ನಾಚಿಕೆ ಬಂತು. ಈಗ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಅನ್ನುತ್ತಾನೆ. ಮಧ್ಯಾಹ್ನ ಆ ಪ್ರಶ್ನೆ ಇನ್ನೂ ದೊಡ್ಡದಾಯಿತು. ಸಂಜೆ ಮಹಾದೇವನ ಹೆಸರು ಒತ್ತಿ, ರಿಂಗ್ ಆಗುವ ಮುಂಚೆ ಕಟ್ ಮಾಡಿದ. ಏನೂ ಆಗಲಿಕ್ಕಿಲ್ಲ. ಎಷ್ಟು ಚಕ್ಕಡಿಗಳು ಇಂಥ ಟೈರಿನ ಮೇಲೆ ವರ್ಷಗಟ್ಟಲೆ ಓಡಿಲ್ಲ? ಓಡಿವೆ, ಎತ್ತಿನ ಹೆಜ್ಜೆಯಲ್ಲಿ. ಮಹಾದೇವ ನೂರಾ ಅರವತ್ತರಲ್ಲಿ ಹೋಗುತ್ತಾನೆ.

ಡಂಬಳದ ಕೆರೆಯ ಏರಿಯ ಹತ್ತಿರ ಬಂದಾಗ ಇನಾಯತ ಬೈಕು ನಿಲ್ಲಿಸಿಬಿಟ್ಟ. ನಜಮಾ ಇಳಿದು, ಕೂಸಿಗೆಂದು ತಂದ ಅಂಗಿ ಕುಲಾವಿಯ ಚೀಲವನ್ನು ಎದೆಗೆ ಒತ್ತಿಕೊಂಡು, ಅವನ ಮುಖವನ್ನೇ ನೋಡಿದಳು. "ಶುಕ್ರವಾರದಿಂದ ನೋಡಾಕತ್ತೀನಿ. ತುತ್ತು ಒಳಗ ಇಳೀವಲ್ದು, ನಿದ್ದಿ ಬರವಲ್ದು. ಏನಾಗೇತಿ ಹೇಳ್ರಿ." ಅವನು ಹೇಳಿದ. ಏರಿಯ ಕಲ್ಲಿನ ಮೇಲೆ ಕೂತು, ನೀರಿನ ಕಡೆ ಮುಖ ಮಾಡಿ, ಎಲ್ಲ ಹೇಳಿದ. ಹಿತ ಅನ್ನಿಸಿದ್ದನ್ನು ಮಾತ್ರ ಹೇಳಲಿಲ್ಲ. ನಜಮಾ ಚೀಲವನ್ನು ಬೈಕಿನ ಸೀಟಿನ ಮೇಲಿಟ್ಟಳು.

"ಫೋನ್ ಮಾಡ್ರಿ."

"ಅವತ್ತ ಯಾಕ ಹೇಳ್ಲಿಲ್ಲ ಅಂತ ಕೇಳ್ತಾನ."

"ಕೇಳ್ಲಿ. ಕೇಳಾಕ ಜೀವಂತ ಇರ್ತಾನಲ್ಲ."

"ನಜಮಾ, ನನ್ನ ಮಾರಿ ಇನ್ನೊಮ್ಮೆ ನೋಡಾಂಗಿಲ್ಲ ಅಂವ."

"ಬ್ಯಾಡ ಬಿಡ್ರಿ, ನೋಡದಿದ್ರ ಬಿಟ್ಟ. ನಿಮ್ಮ ಮಾರಿಗಾಗಿ ಆ ಹೆಣ್ಮಗಳು ಗಂಡನ್ನ ಕಳ್ಕೋಬೇಕೇನು? ಮಾಡ್ರಿ ಅಂದ್ನಿ!" ಅವಳೇ ಅವನ ಕಿಸೆಗೆ ಕೈ ಹಾಕಿ ಫೋನು ತೆಗೆದು ಕೈಗಿಟ್ಟಳು. ಹನ್ನೊಂದೂ ನಲವತ್ತಾಗಿತ್ತು. ಹನ್ನೆರಡಕ್ಕೆ ಮೂರನೇ ಪಾಳಿ.

ಮಹಾದೇವ ಒಂದೇ ರಿಂಗಿಗೆ ಎತ್ತಿದ. ಹಿಂದೆ ಇಂಜಿನ್ನುಗಳ ಗದ್ದಲ. "ಲೇ ಇನಾಯತಾ! ನಾನಽ ಮಾಡಾಂವ ಇದ್ದೆ. ಒಂದು ಸುತ್ತಿನಾಗ ಎರಡು ಸೆಕೆಂಡ್ ಇಳದೈತೋ ಲೇ, ಎರಡು ಸೆಕೆಂಡ್! ಕಾರು ದಾರದಾಗ ಪೋಣಿಸಿದಂಗ ತಿರಗತೈತಿ. ನಿನ್ನ ಕೈ ಕಣ್ಣಿಗೆ ಒತ್ಕೋಬೇಕು. ಇಲ್ಲಿ ಚೆಕ್ ಮಾಡಾಂವ ಒಬ್ಬ, ಎಡ ಮುಂದಿನ ಟೈರ್ ಯಾಕೋ ಸಂಶೇ ಬರ್ತೈತಿ, ಬಿಚ್ಚಿ ನೋಡೂಣು ಅಂದ. ನಮ್ಮ ಇನಾಯತ ಏರಿಸಿದ್ದದು, ಬಿಚ್ಚೂದು ಬ್ಯಾಡ ಅಂದ್ಬಿಟ್ನಿ. ಮುಂದಿನ ಸಲ ನೀ ಇಲ್ಲೇ ಇರ್ಬೇಕು ನೋಡು, ಖರೇನ ಹೇಳಾಕತ್ತೀನಿ."

"ಬಿಚ್ಚಸು," ಎಂದ ಇನಾಯತ.

"ಏನು?"

"ಎಡ ಮುಂದಿಂದು. ಬಿಚ್ಚಸು ಮಹಾದೇವಾ. ಒಳಗ ದಾರ ಎದ್ದೈತಿ. ಓಡಸಬ್ಯಾಡ. ಅಲ್ಲಾನ ಆಣಿ, ಇನ್ನೊಂದು ಸುತ್ತೂ ಓಡಸಬ್ಯಾಡ."

ಮಹಾದೇವ ಯಾರಿಗೋ ಏನೋ ಕೂಗಿ ಹೇಳಿದ. ಫೋನು ಇಡಲಿಲ್ಲ, ಎಲ್ಲಿಯೋ ಕಾರಿನ ಮೇಲೆ ಇಟ್ಟಿರಬೇಕು. ನಟ್ಟು ಬಿಚ್ಚುವ ಯಂತ್ರದ ಸದ್ದು ಬಂತು, ಒಂದು, ಎರಡು, ಮೂರು, ನಾಲ್ಕು. ಗಾಲಿ ನೆಲಕ್ಕೆ ಇಳಿದ ಸದ್ದು. ಆಮೇಲೆ ಆ ಕನ್ನಡಕದವನ ದನಿ, ನಗುವೆಲ್ಲ ಆರಿದ ದನಿ: "ಅಯ್ಯಯ್ಯೋ, ನಿಂಬಿಹಣ್ಣಿನಷ್ಟು ಗುಳ್ಳಿ ಎದ್ದೈತಲ್ಲೋ." ಇನಾಯತ ಕಣ್ಣು ಮುಚ್ಚಿದ. ಉಳಿದ, ಉಳಿದ ಎಂದು ಒಳಗೆ ಏನೋ ಬಡಿದುಕೊಂಡಿತು. ಮಹಾದೇವ ಫೋನು ಕೈಗೆ ತೆಗೆದುಕೊಂಡದ್ದು ಗೊತ್ತಾಯಿತು, ಅವನ ಉಸಿರು ಕೇಳಿಸಿತು.

"ಯಾವಾಗ ನೋಡಿದಿ?"

ಸುಳ್ಳು ಹೇಳಬಹುದಿತ್ತು. ಈಗ ನೆನಪಾಯಿತು ಅನ್ನಬಹುದಿತ್ತು, ಸಂಶಯ ಬಂತು ಅನ್ನಬಹುದಿತ್ತು. ಮಹಾದೇವ ನಂಬುತ್ತಿದ್ದ, ಅವನು ನಂಬುವವನೇ. "ಶುಕ್ರವಾರ," ಎಂದ ಇನಾಯತ. "ಏರಸೂ ಮುಂಚೆ. ಕೈ ಒಳಗಿದ್ದಾಗ."

ಬೈದಿದ್ದರೆ ಎಷ್ಟು ಚಲೋ ಇತ್ತು. ಪಂಚರ್ ಅಂದಿದ್ದರೂ ನಡೆಯುತ್ತಿತ್ತು. ಮಹಾದೇವ ಬಹಳ ಸಾವಕಾಶ, ಲೆಕ್ಕ ಒಪ್ಪಿಸುವ ಶಾಲೆಯ ಹುಡುಗನ ಹಾಗೆ, "ಮೊದಲನೇ ಪಾಳ್ಯಾಗ ಸ್ನೇಹಾ ನನ್ನ ಬಾಜೂ ಕುಂತಿದ್ಲು," ಎಂದ. "ಹೆದರಿಕಿ ಏನಿಲ್ಲಂತ ನೀ ಹೇಳಿದ್ದಿ ಅಂತ ಕುಂತ್ಲು." ಅಷ್ಟೇ. ಫೋನು ಕಟ್ಟಾಯಿತು. ಕೆರೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. "ಏನಂದ್ರು?" ಎಂದಳು ನಜಮಾ. "ಬಿಚ್ಚಿಸಿದ," ಎಂದ ಇನಾಯತ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅಲ್ಲಾನ ಶುಕ್ರ ಹೇಳಿದಳು. ಮುಂಡರಗಿಯಲ್ಲಿ ಮುನ್ನಿ ಕೂಸನ್ನು ತಂದು ಅವನ ಮುಂದೆ ಹಿಡಿದಾಗ ಎತ್ತಿಕೊಳ್ಳಲಿಲ್ಲ, ಕೈ ಹೊಲಸಾಗಿದೆ ಎಂದ.

ಸೋಮವಾರ ಮಹಾದೇವ ಬರಲಿಲ್ಲ. ಮಂಗಳವಾರ ಬರಲಿಲ್ಲ. ಬುಧವಾರ ಮಧ್ಯಾಹ್ನ ಕೆಂಪು ಕಾರು ಬಂದು ಅಂಗಡಿಯ ಮುಂದೆ ನಿಂತಿತು. ಯಾವಾಗಲೂ ಹೀಗೇ, ಟ್ರ್ಯಾಕಿನಿಂದ ಬಂದ ಮೇಲೆ ಎರಡೂ ಮಗ್ಗುಲು ಸವೆದ ಟೈರುಗಳನ್ನು ಅವನು ಫಕೀರಸಾಬನ ಮುಂದೆ ತಂದಿಡುತ್ತಿದ್ದ. ಮುದುಕ ಕೈಯಿಂದ ನೋಡಿ, ಇದು ಸಣ್ಣ ಚಕ್ಕಡಿಗೆ ಬರ್ತೈತಿ, ಇದು ಮೋರಿಗೆ ಒಗಿ ಎಂದು ಆರಿಸುತ್ತಿದ್ದ. ಶಿಗ್ಲಿಯ ನೀಲಪ್ಪ ಒಂದು ಜೋಡಿಗಾಗಿ ಎಂಟು ದಿನದಿಂದ ಹೇಳಿ ಹೋಗಿದ್ದ. ಮಹಾದೇವ ರಿಮ್ಮಿನಿಂದ ಬಿಚ್ಚಿಸಿ ತಂದಿದ್ದ ನಾಲ್ಕು ಟೈರುಗಳನ್ನು ಒಂದೊಂದಾಗಿ ಇಳಿಸಿ ಸ್ಟೂಲಿನ ಮುಂದೆ ಸಾಲಾಗಿ ಇಟ್ಟ. ಇನಾಯತ ಯಂತ್ರದ ಹಿಂದೆ ನಿಂತಿದ್ದ. ಕೈಯಲ್ಲಿ ಸುಮ್ಮನೆ ನಟ್ಟು ಬಿಚ್ಚುವ ಒಂದು ಪಾನಾ ಹಿಡಿದಿದ್ದ. ಮಹಾದೇವ ಅವನ ಕಡೆ ನೋಡಲಿಲ್ಲ. ನೋಡಬಾರದೆಂದು ಮುಖ ತಿರುಗಿಸಿದ್ದೂ ಅಲ್ಲ. ಅಲ್ಲಿ ಯಾರೂ ನಿಂತಿಲ್ಲ, ಹಾಗಿದ್ದ.

"ಬಂದ್ಯಾ ಮಹಾದೇವಾ? ಕುಂಡ್ರು. ಈ ಸಲ ಜೋರ ಸುತ್ತಿ ಬಂದಿ ಏನು?" ಫಕೀರಸಾಬ ತೋಳು ಏರಿಸಿದ. ಮೊದಲನೆಯದು ನೀಲಪ್ಪನಿಗಾಯಿತು. ಎರಡನೆಯದೂ ಆಯಿತು. ಮೂರನೆಯದರಲ್ಲಿ ಮೊಳೆಯ ತೂತಿತ್ತು, ಹಚ್ಚಿದರೆ ನಡೆದೀತು. ನಾಲ್ಕನೆಯದರೊಳಗೆ ಅವನ ಕೈ ಅರ್ಧ ಸುತ್ತು ಹೋಗಿ ನಿಂತಿತು. ಬೆರಳುಗಳು ಅಲ್ಲೇ ಹಿಂದೆ ಮುಂದೆ ಆಡಿದವು. ಆಮೇಲೆ ಟೈರಿನ ಎರಡೂ ಅಂಚುಗಳನ್ನು, ರಿಮ್ಮು ಹಿಡಿದ ಗುರುತುಗಳನ್ನು, ಹೆಬ್ಬೆರಳಿನಿಂದ ಸವರಿದ. ಪೊರೆ ಬಂದ ಕಣ್ಣುಗಳನ್ನು ಮೇಲೆತ್ತಿದ.

"ಇದನ್ನ ಯಾರು ಏರಿಸಿದ್ದು?"

ಇನಾಯತ ಪಾನಾವನ್ನು ಮೆಲ್ಲಗೆ ಯಂತ್ರದ ಮೇಲಿಟ್ಟ. ಅಬ್ಬಾ, ನಾನು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮಹಾದೇವ, "ಹುಬ್ಬಳ್ಯಾಗ ಒಬ್ಬಾಂವ, ಕಾಕಾ," ಎಂದ. "ಗಡಬಡ್ಯಾಗ ಅಲ್ಲೇ ಹಾಕಿಸಿದ್ನಿ."

"ನಿನ್ನ ಕೈ ಒಳಗ ಹಾಕಿಸಲಿಲ್ಲ ಅಂವ?"

"ಇಲ್ಲ ಕಾಕಾ."

"ಇದು ಕಣ್ಣ ತಪ್ಪಿ ಆಗಿದ್ದಲ್ಲೋ ತಮ್ಮಾ. ತಿರುವಿ ಏರಿಸ್ಯಾನ. ತಿರುವೂವಾಗ ಇದು ಕೈಗೆ ಹತ್ತದಽ ಇರೂದಿಲ್ಲ, ಕುರುಡ ನಾನು, ನನಗಽ ಹತ್ತೇತಿ. ಗೊತ್ತಿದ್ದು ಏರಿಸ್ಯಾನ ಹರಾಮಖೋರ. ಇಂಥಾವನ ಕೈ ಮುರೀಲಿ. ಯಾರ ಮಗಾನೋ ಏನೋ, ಅವರಪ್ಪ ಏನ ಕಲಿಸ್ಯಾನೋ!"

"ಅವರಪ್ಪ ಭಾಳ ಚಲೋ ಮನಿಷಾ, ಕಾಕಾ," ಎಂದ ಮಹಾದೇವ. ಬಗ್ಗಿ ಮುದುಕನ ತೋಳನ್ನು ಹಿಡಿದು, ಮಡಚಿದ್ದ ಅಂಗಿಯನ್ನು ಮೆಲ್ಲಗೆ ಇಳಿಸಿ ಮಣಿಕಟ್ಟಿನವರೆಗೆ ಸರಿಮಾಡಿದ.

ಫಕೀರಸಾಬ ಅವನ ಕೈ ಬಿಡಲಿಲ್ಲ. "ಆದ್ದಾತು. ದೊಡ್ಡ ಗಂಡಾಂತರ ಹೋತು. ಒಂದು ಮಾತು ಕೊಡು ನನಗ. ಅವನ ಅಂಗಡಿಗೆ ಇನ್ನೊಮ್ಮೆ ಕಾಲಿಡಬ್ಯಾಡ."

"ಇಲ್ಲ ಕಾಕಾ. ಇನ್ನ ಕಾಲಿಡಾಂಗಿಲ್ಲ."

ಹಾಗೆಂದು ಮಹಾದೇವ ಮುದುಕನ ಕೈ ಬಿಡಿಸಿಕೊಂಡು, ಮೆಟ್ಟಿಲಿಳಿದು, ಕಾರಿನಲ್ಲಿ ಕೂತ. ಫಕೀರಸಾಬ ಒಳಗಿನ ಕಡೆ ಮುಖ ಮಾಡಿ ಕೂಗಿದ. "ಇನಾಯತಾ, ಎಲ್ಲಿ ಅದೀಯೋ? ಮಹಾದೇವಗ ಒಂದು ಚಾ ಹೇಳು."